ಹಸಿರು ಕ್ಲಿಪ್ಪು ಮತ್ತು ದೋಣಿಯಜ್ಜಿ

ಮುದ್ದು ಗುಬ್ಬಿ,

ಗೋಡೆಯ ಆಚೆ ನೀನು ಸೋಫಾ ಎಳೆದಾಡುತ್ತಿರುವ ಸದ್ದು ಕೇಳಿಸುತ್ತಿದೆ. ನಾಡಿದ್ದು ಶುಕ್ರವಾರ ಹೊಸ ವಿಡಿಯೋ ಆಟ ಬಿಡುಗಡೆಯಾಗುವಾಗ ಯಾರು ಎಲ್ಲಿ ಕೂರಬೇಕು ಎಂದು ಟೀವಿಯ ಮುಂದೆ ದಿಂಬು ಇಟ್ಟು ಇಟ್ಟು ನೋಡುತ್ತಿದ್ದೀಯ. ನಿನ್ನ ಗೆಳತಿಯರಿಗೆಲ್ಲ ಚಾಪೆ, ನನಗೊಬ್ಬಳಿಗೆ ನಡುವಿನ ಕುರ್ಚಿ. ಈಗ ತಾನೇ ಬಾಗಿಲಲ್ಲಿ ತಲೆ ಹಾಕಿ, "ಅತ್ತಿಗೆ, ನಿಂಗೆ ಬೆನ್ನಿಗೊಂದು ದಿಂಬು ಬೇಕಾ?" ಅಂದೆ. ಬೇಡ ಕಣೆ ಅಂದೆ ನಾನು. ನೀನು ಹೋದ ಮೇಲೆ ಆ ದಿಂಬು ನನ್ನ ಎದೆಯ ಮೇಲೆ ಕೂತಿದೆ.

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುವುದು ಹುಚ್ಚು ಎಂದು ಗೊತ್ತು. ಎದುರು ಕೂತು ಹೇಳೋಣವೆಂದು ವಾರವೆಲ್ಲ ಹೆಣಗಾಡಿದೆ. ಮೊನ್ನೆ ಹೇಳಲೆಂದೇ ಬಂದವಳು ನಿನ್ನ ಮುಖ ನೋಡಿ, ಯಾವ ಶಾಂಪೂ ಹಾಕುತ್ತೀಯ ಎಂದು ಕೇಳಿ ಎದ್ದು ಹೋದೆ. ಫೋನಿಗೆ ಕಳಿಸಿದರೆ ನೀನು ಮೊದಲ ಸಾಲು ಓದಿ ಓಡಿ ಬರುತ್ತೀಯ, ಉಳಿದದ್ದು ಹಾಗೇ ಉಳಿಯುತ್ತದೆ. ಇಂಗ್ಲಿಷ್ ಮೀಡಿಯಮ್ಮಿನವಳ ಕನ್ನಡ ಇದು, ನಗು ಬಂದರೆ ನಕ್ಕುಬಿಡು. ಆದರೆ ಕೊನೆಯವರೆಗೆ ಓದು.

ಮೊದಲೇ ಹೇಳಿಬಿಡುತ್ತೇನೆ. ದೋಣಿಯಜ್ಜಿ ಬರುವುದಿಲ್ಲ.

ಆಟದ ಈ ಎರಡನೇ ಭಾಗದಲ್ಲಿ ಅವಳು ಎಲ್ಲೂ ಇಲ್ಲ. ಮಹಡಿಯ ಮೇಲೆ ನಾನು ಆ ಕ್ಲಿಪ್ಪನ್ನು ತಂತಿಗೆ ಸಿಕ್ಕಿಸಿದಾಗಲೂ ಅವಳು ಇಲ್ಲವೆಂದು ನನಗೆ ಗೊತ್ತಿತ್ತು.

ಇನ್ನು ನಿಧಾನವಾಗಿ ಹೇಳುತ್ತೇನೆ. ನಿಮ್ಮಣ್ಣನನ್ನು ಮದುವೆಯಾದಾಗಿನಿಂದ ನನಗೆ ನೆಲ ಕಾಣುತ್ತಿಲ್ಲ ಗುಬ್ಬಿ. ಕೆಟ್ಟು ನಿಂತ ಲಿಫ್ಟೂ ಚೆಂದ, ಎದುರುಮನೆಯ ನೀರಿನ ಟ್ಯಾಂಕೂ ಚೆಂದ. ಅವರು ಮಡಿಸಿದ ಅಂಗಿಯ ತೋಳುಗಳು ಯಾವತ್ತೂ ಒಳಗೆ ಹೋಗುವುದಿಲ್ಲ, ಸಿಕ್ಕಿಬಿದ್ದ ಕಳ್ಳ ಕೈಯೆತ್ತಿದ ಹಾಗೆ ಎರಡು ಕಡೆ ಚಾಚಿಕೊಂಡಿರುತ್ತವೆ. ಅದನ್ನು ನೋಡಿಯೂ ನನಗೆ ಮುದ್ದು ಬರುತ್ತದೆ. ಇಷ್ಟು ಖುಷಿಯಲ್ಲಿರುವವಳಿಗೆ ಮನೆಯಲ್ಲಿ ಒಬ್ಬರು ಮುಖ ತಿರುಗಿಸಿದರೂ ತಡೆಯುವುದಿಲ್ಲ. ಆ ಒಬ್ಬಳು ನೀನಾಗಿದ್ದೆ.

ನಿನ್ನ ತಪ್ಪೇನೂ ಇರಲಿಲ್ಲ. ಭಾನುವಾರದ ಮಧ್ಯಾಹ್ನಗಳು ನಿಮ್ಮಿಬ್ಬರವು. ಕಂಟ್ರೋಲರ್ ನಿನ್ನ ಕೈಯಲ್ಲಿ, ಪಕ್ಕದಲ್ಲಿ ಕೂತು ದಾರಿ ತಪ್ಪಿಸುವುದು ಅಣ್ಣನ ಕೆಲಸ. ನಾನು ಬಂದೆ, ಭಾನುವಾರಗಳನ್ನು ಎತ್ತಿಕೊಂಡು ಹೋದೆ. ನೀನು ಜಗಳವಾಡಲಿಲ್ಲ, ನನ್ನನ್ನು ಏನೆಂದೂ ಕರೆಯಲೇ ಇಲ್ಲ ಅಷ್ಟೇ. "ಚಹಾ ಆಗಿದೆ" ಎಂದು ಫ್ರಿಜ್ಜಿಗೆ ಹೇಳುತ್ತಿದ್ದೆ, ನಾನು ಫ್ರಿಜ್ಜಿನ ಪರವಾಗಿ ಎದ್ದು ಬರುತ್ತಿದ್ದೆ. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಅವಳು ಹಾಗೇ ಕಣಮ್ಮ, ಹೊಸ ಚಪ್ಪಲಿ ತಂದುಕೊಟ್ಟರೂ ತಿಂಗಳುಗಟ್ಟಲೆ ಹಾಕಲ್ಲ" ಎಂದಿದ್ದರು. ಚಪ್ಪಲಿ ಕಾದುಕೊಂಡಿತ್ತು.

ಆಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ ಅತ್ತೆ ನನ್ನ ಕೆಲಸದ ಬಗ್ಗೆ ಕೇಳಿದರು. ನಾನು ಆಟಗಳನ್ನು ಪರೀಕ್ಷಿಸುವವಳು, ಹೊರಗೆ ಹೋಗುವ ಮುಂಚೆ ಆಟದೊಳಗಿನ ಪ್ರತಿ ಗೋಡೆಗೂ ಹೋಗಿ ಢಿಕ್ಕಿ ಹೊಡೆದು, ಎಲ್ಲಾದರೂ ತೂರಿಹೋಗುತ್ತೇನೋ ನೋಡುವುದು ನನ್ನ ಕೆಲಸ ಎಂದು ವಿವರಿಸಿದೆ. "ಗೋಡೆಗೆ ತಲೆ ಚಚ್ಚಿಕೊಳ್ಳೋಕೆ ಸಂಬಳ ಕೊಡ್ತಾರಾ? ನಾನು ಇಷ್ಟು ವರ್ಷ ಈ ಮನೇಲಿ ಬಿಟ್ಟಿ ಚಚ್ಚಿಕೊಂಡೆನಲ್ಲ" ಎಂದರು ಅತ್ತೆ. ಎಲ್ಲರೂ ನಕ್ಕೆವು. ನಿಮ್ಮಣ್ಣ ನಗುವಿನ ಭರದಲ್ಲಿ, ಅದು ಯಾವ ಆಟ ಎಂದೂ ಹೇಳಿಬಿಟ್ಟರು. 'ಏಳು ಹೊಳೆಗಳ ನಾಡು', ಎರಡನೇ ಭಾಗ. ನಿನ್ನ ಕೈಯಲ್ಲಿನ ಚಮಚ ತಟ್ಟೆಗೆ ಬಿತ್ತು.

ಆ ಆಟದ ಮೊದಲ ಭಾಗ ನಿನಗೆ ಏನು ಎಂದು ನಿಮ್ಮಣ್ಣ ಆಮೇಲೆ ಹೇಳಿದರು. ಕಾಲು ಮುರಿದು, ಪ್ಲಾಸ್ಟರ್ ಹಾಕಿಸಿಕೊಂಡು, ಒಂದಾದ ಮೇಲೊಂದು ಆಪರೇಷನ್ ಆಗಿ ನೀನು ಹಾಸಿಗೆ ಹಿಡಿದಿದ್ದ ವರ್ಷ ಅದು. ಕಿಟಕಿಯಿಂದ ಕಾಣುತ್ತಿದ್ದದ್ದು ಆ ನೀರಿನ ಟ್ಯಾಂಕು ಮಾತ್ರ. ಅಣ್ಣ ಟೀವಿಯನ್ನು ಹೊತ್ತು ತಂದು ನಿನ್ನ ಮಂಚದ ಬುಡದಲ್ಲಿಟ್ಟರು. ನಡೆಯಲಾಗದ ಹುಡುಗಿ ಇಡೀ ನಾಡು ಸುತ್ತಿದಳು. ಬೆಟ್ಟ ಕಂಡರೆ ಹತ್ತಬಹುದು, ಕಾಡು ಕಂಡರೆ ನುಗ್ಗಬಹುದು, ಯಾರೂ ಇಲ್ಲಿಗೇ ಹೋಗು ಎನ್ನುವುದಿಲ್ಲ. ಆದರೂ ಸಿಕ್ಕವರೆಲ್ಲ ಅವಸರದವರೇ. ರಾಜನಿಗೂ ಅವಸರ, ಮಾಟಗಾರನಿಗೂ ಅವಸರ. ದೋಣಿಯಜ್ಜಿ ಒಬ್ಬಳೇ ಹುಟ್ಟು ಕೆಳಗಿಟ್ಟು, "ಅವಸರ ಯಾಕೆ ಮಗಾ, ಹೊಳೆ ಎಲ್ಲಿಗೂ ಓಡಿ ಹೋಗಲ್ಲ" ಎನ್ನುತ್ತಿದ್ದಳು. ಮೊದಲ ಸಲ ಗೋಡೆ ಹಿಡಿದು ಬಚ್ಚಲಿನವರೆಗೆ ನಡೆದಾಗ ನೀನು ಆ ಮಾತನ್ನೇ ಗೊಣಗುತ್ತಿದ್ದೆಯಂತೆ. ಕೊನೆಯಲ್ಲಿ ನಾಯಕಿ ಆಚೆ ದಡ ಸೇರಿದಾಗ ಅಜ್ಜಿ ಈಚೆಯೇ ಉಳಿದು, "ಹೋಗಿ ಬಾ, ದೀಪ ಹಿಡ್ಕೊಂಡಿರ್ತೀನಿ" ಎನ್ನುತ್ತಾಳಲ್ಲ, ಅಂದಿನಿಂದ ನೀನೂ ನಿನ್ನಂಥ ಸಾವಿರಾರು ಜನರೂ ಎರಡನೇ ಭಾಗಕ್ಕಾಗಿ, ಆ ದೀಪಕ್ಕಾಗಿ ಕಾದಿರಿ.

ಚಮಚ ಬಿದ್ದ ಮರುದಿನ ಮಧ್ಯಾಹ್ನ ನಾನು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ನೀನು ಬಂದು ಕರೆಯದೆಯೇ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದೆ. ಕುದುರೆ ಈ ಸಲವೂ ಬಂಡೆಗಳ ನಡುವೆ ಸಿಕ್ಕಿಕೊಳ್ಳುತ್ತದಾ, ಎಲ್ಲ ಮನೆಗಳ ಬಾಗಿಲೂ ತೆರೆಯುತ್ತವಾ, ಮಳೆ ಬಂದರೆ ಬಟ್ಟೆ ಒದ್ದೆಯಾಗುತ್ತದಾ, ಒಂದೇ ಸಮನೆ ಕೇಳಿದೆ. ನಾನು ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸುತ್ತಿದ್ದೆ, ಏನೂ ಹೇಳುವುದಿಲ್ಲವೆಂದು ಕಂಪನಿಗೆ ಸಹಿ ಹಾಕಿಕೊಟ್ಟಿದ್ದೆನಲ್ಲ. ಆಗ ನೀನು ಬುಟ್ಟಿಯಿಂದ ಒಂದು ಹಸಿರು ಕ್ಲಿಪ್ಪು ತೆಗೆದು ನನ್ನ ಅಂಗೈಯಲ್ಲಿಟ್ಟೆ.

"ಅತ್ತಿಗೆ, ನೀವು ಬಾಯಿ ಬಿಡೋ ಹಾಗಿಲ್ಲ ಅಂತ ಗೊತ್ತು. ಬಿಡಬೇಡಿ. ದೋಣಿಯಜ್ಜಿ ಬರ್ತಾಳೆ ಅಂದ್ರೆ ಇದನ್ನ ತಂತಿಗೆ ಸಿಕ್ಕಿಸಿ. ಇಲ್ಲ ಅಂದ್ರೆ ಬಕೆಟ್ಟಿಗೆ ಹಾಕಿ. ನಾನು ಆ ಕಡೆ ತಿರುಗಿರ್ತೀನಿ."

ಅತ್ತಿಗೆ ಎಂದೆ ನೀನು. ಮೊದಲ ಸಲ. ಎಂದವಳು ತಿರುಗಿ ನಿಂತೆ, ಭುಜ ಎರಡೂ ಕಿವಿಯವರೆಗೆ ಏರಿದ್ದವು.

ನಾನು ಆ ವಾರವೇ ಅಜ್ಜಿಯನ್ನು ನೋಡಿದ್ದೆ, ಅದೇ ತೊಂದರೆಯಾದದ್ದು. ಆಟ ಕಟ್ಟುವಾಗ ಇನ್ನೂ ತಯಾರಾಗದ ಪಾತ್ರದ ಜಾಗದಲ್ಲಿ ಹಳೆಯ ಆಟದ ಯಾವುದಾದರೂ ಬೊಂಬೆಯನ್ನು ತಂದು ನಿಲ್ಲಿಸುತ್ತಾರೆ. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿಟ್ಟ ಹಾಗೆ. ಮೂರನೇ ಹೊಳೆಯ ದಡದಲ್ಲಿ ಒಬ್ಬ ಸುಂಕದವನು ಬರಬೇಕಿತ್ತು, ಅವನು ಬರುವ ತನಕ ಅಲ್ಲಿ ದೋಣಿಯಜ್ಜಿಯನ್ನು ನಿಲ್ಲಿಸಿದ್ದರು. ಮಾತಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ಹತ್ತಿರ ಹೋದರೆ ಅವಳ ಮೈಯೊಳಗಿಂದ ಹಾದು ಆಚೆ ಹೋಗಬಹುದು. ಅವಳು ಸುಂಕದವನ ಕರವಸ್ತ್ರ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ 'ಇದ್ದಾಳಲ್ಲ, ಕಣ್ಣಾರೆ ನೋಡಿದ್ದೇನಲ್ಲ' ಎಂದು ಮನಸ್ಸು ವಕೀಲಿ ಮಾಡಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ನಾನು ಕಣ್ಣು ಮುಚ್ಚಿ ಕ್ಲಿಪ್ಪು ಸಿಕ್ಕಿಸಿದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ನಾನು ಆಡದೆಯೇ ಕಳೆದುಕೊಂಡೆ.

ನೀನು ತಿರುಗಿ ತಂತಿ ನೋಡಿದೆ. ಒದ್ದೆ ಬೆಡ್‌ಶೀಟಿನ ಸಮೇತ ನನ್ನನ್ನು ತಬ್ಬಿಕೊಂಡು "ಅತ್ತಿಗೆ, ನೀನು ಬಂಗಾರ" ಎಂದೆ. ನೀವು ಹೋಗಿ ನೀನು ಬಂದದ್ದು ಆ ಕ್ಷಣದಲ್ಲಿ. ಅಂದು ಸಂಜೆ ಚಹಾ ಫ್ರಿಜ್ಜಿನ ಬದಲು ನನಗೆ ಬಂತು. ಮುಂದಿನ ಭಾನುವಾರ ಟೀವಿಯ ಮುಂದೆ ಮೂರು ಜನಕ್ಕೆ ಜಾಗವಾಯಿತು. "ನಮ್ಮ ಗುಬ್ಬಿಗೆ ಏನು ಮದ್ದು ಹಾಕಿದೆ?" ಎಂದು ನಿಮ್ಮಣ್ಣ ಕಿವಿಯಲ್ಲಿ ಕೇಳಿದರು. ನಾನು ನಕ್ಕೆ. ಬೇಕಾದದ್ದಕ್ಕಿಂತ ಜೋರಾಗಿಯೇ ನಕ್ಕೆ.

ಅಲ್ಲಿಗೆ ನಿಂತಿದ್ದರೂ ಸಾಕಿತ್ತು. ನೀನು ಆ ಆಟದ ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ಬರೆದೆ: ದೋಣಿಯಜ್ಜಿ ಬರ್ತಾಳೆ, ಹೇಗೆ ಗೊತ್ತು ಅಂತ ಕೇಳಬೇಡಿ. ನನ್ನ ಸುಳಿವು ಯಾರಿಗೂ ಕೊಡಲಿಲ್ಲ, ಅಷ್ಟು ಗಟ್ಟಿ ನೀನು. ನೋಡನೋಡುತ್ತಿದ್ದಂತೆ ಅಜ್ಜಿಯ ಚಿತ್ರಗಳು ಬಂದವು, ಅಜ್ಜಿಗೆ ಹಾಡು ಕಟ್ಟಿದರು, ಅಜ್ಜಿಗೊಬ್ಬ ಕಳೆದುಹೋದ ಮಗಳನ್ನೂ ಹುಟ್ಟಿಸಿದರು. ಇಲ್ಲದ ಅಜ್ಜಿಗೆ ಸಂಸಾರವೇ ಆಯಿತು. ನಿನಗೆ ದೋಣಿಗುಬ್ಬಿ ಎಂದು ಹೆಸರಿಟ್ಟರು. ಯಾವನೋ ಒಬ್ಬ, ಇವಳು ಪುಂಗಿ ಊದ್ತಿದ್ದಾಳೆ ಎಂದು ಬರೆದಾಗ ನೀನು, "ಸುಳ್ಳಾದ್ರೆ ಈ ಗುಂಪಲ್ಲಿ ಇನ್ನು ಬಾಯಿ ಬಿಡಲ್ಲ" ಎಂದು ಉತ್ತರ ಕೊಟ್ಟೆ. ಅದನ್ನು ನನಗೆ ಹೆಮ್ಮೆಯಿಂದ ಓದಿ ತೋರಿಸಿದೆ. ಮಲಗಿದ್ದ ಆ ವರ್ಷದಿಂದ ನಿನ್ನ ಗೆಳತಿಯರೆಲ್ಲ ಸಿಕ್ಕಿದ್ದು ಆ ಗುಂಪಿನಲ್ಲೇ ಎಂದು ನನಗೆ ಗೊತ್ತಿತ್ತು. ಆಗ ಹೇಳಬೇಕಿತ್ತು. ನಿನ್ನ ಫೋನನ್ನು ಹಿಂತಿರುಗಿಸಿ, ಚೆನ್ನಾಗಿ ಕೊಟ್ಟೆ ಅವನಿಗೆ ಎಂದೆ.

ಇದಕ್ಕಿಂತ ಕೆಟ್ಟದ್ದು ಆಫೀಸಿನಲ್ಲಿ ನಡೆಯಿತು. ಸುಂಕದವನ ಬೊಂಬೆ ತಯಾರಾಗಿ ಬೇರೆ ಕಡೆ ಹೋಯಿತು, ಕಥೆಯಲ್ಲಿ ಅವನ ಸುಂಕದಕಟ್ಟೆಯ ಜಾಗವನ್ನೇ ಬದಲಿಸಿದ್ದರು. ಅಜ್ಜಿಯನ್ನು ಮಾತ್ರ ದಡದಲ್ಲಿ ಮರೆತುಬಿಟ್ಟಿದ್ದರು. ಇಂಥ ಮರೆವನ್ನು ಹಿಡಿದು ಹೇಳುವುದೇ ನನ್ನ ಉದ್ಯೋಗ. ದಿನಾ ಅವಳ ಮುಂದೆ ಹೋಗಿ ನಿಲ್ಲುತ್ತಿದ್ದೆ, ಹೇಳದೆ ವಾಪಸು ಬರುತ್ತಿದ್ದೆ. ಮರೆತೇ ಹೋಗಲಿ, ಹಾಗೇ ಬಿಡುಗಡೆಯಾಗಲಿ, ಗುಬ್ಬಿಗೆ ಅಷ್ಟಾದರೂ ಸಿಗಲಿ ಎಂದು ಆಸೆ. ಆಮೇಲೆ ಯೋಚಿಸಿದೆ. ಇಷ್ಟು ವರ್ಷ ಕಾದು ನೀನು ಓಡಿ ಬಂದು ಅವಳನ್ನು ಮಾತಾಡಿಸುತ್ತೀಯ. ಅವಳು ಮಾತಾಡುವುದಿಲ್ಲ. ಮುಟ್ಟಲು ಹೋದರೆ ಅವಳ ಮೈಯೊಳಗಿಂದ ಹಾದು ಹೊಳೆಗೆ ಬೀಳುತ್ತೀಯ. ಅಜ್ಜಿಯನ್ನು ತೆಗೆಯಬೇಕು ಎಂದು ನಾನೇ ವರದಿ ಮಾಡಿದೆ. "ಒಳ್ಳೆ ಕಣ್ಣು ನಿಂದು" ಎಂದರು ನಮ್ಮ ಮುಖ್ಯಸ್ಥೆ. ಮರುದಿನ ದಡ ಖಾಲಿ.

ಪೂರ್ತಿ ಖಾಲಿಯಲ್ಲ. ಆಟದ ಲೆಕ್ಕದಲ್ಲಿ ಬೊಂಬೆ ಬೇರೆ, ಬೊಂಬೆಯ ಕೈಯಲ್ಲಿನ ದೀಪ ಬೇರೆ. ಅಜ್ಜಿ ಹೋದಳು, ದೀಪ ನೆಲದ ಮೇಲೆ ಉಳಿಯಿತು. ಅದನ್ನೂ ವರದಿ ಮಾಡಿದೆ. ಇರಲಿ ಬಿಡು, ಆ ಜಾಗಕ್ಕೆ ಒಪ್ಪುತ್ತೆ ಎಂದರು. ಹಾಗಾಗಿ ಶುಕ್ರವಾರ ಮೂರನೇ ಹೊಳೆಯ ದಡದಲ್ಲಿ ನಿನಗೆ ಆ ದೀಪ ಕಾಣುತ್ತದೆ. ಚಾಪೆಯ ಮೇಲಿನವರೆಲ್ಲ ಚೀರುತ್ತಾರೆ, ಅಜ್ಜಿ ಇಲ್ಲೇ ಎಲ್ಲೋ ಇದ್ದಾಳೆ ಎಂದು ಕಲ್ಲು ಕಲ್ಲು ಮಗುಚಿ ಹುಡುಕುತ್ತಾರೆ, ಸಿಗದಿದ್ದರೆ ಮೂರನೇ ಭಾಗಕ್ಕೆ ಕಾಯುತ್ತಾರೆ. ನೀನು ಕಾಯಬೇಡ ಗುಬ್ಬಿ. ಆ ದೀಪಕ್ಕೆ ಅರ್ಥವಿಲ್ಲ. ಅಂದಗಾಣುತ್ತದೆ ಎಂದು ಬಿಟ್ಟಿದ್ದಾರೆ, ಅಷ್ಟೇ. ಇದನ್ನು ಹೇಳದೆ ನಡುವಿನ ಕುರ್ಚಿಯಲ್ಲಿ ಬೆನ್ನಿಗೆ ದಿಂಬು ಇಟ್ಟುಕೊಂಡು ಕೂರಲು ನನ್ನಿಂದ ಆಗುವುದಿಲ್ಲ.

ನಿನ್ನೆ ನಿಮ್ಮಣ್ಣನಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದರು. ಅಂಗಿಯ ತೋಳನ್ನು ನೆಟ್ಟಗೆ ಒಳಗೆ ಮಡಿಸಿದರು, ಆಗಲೇ ನನಗೆ ಭಯವಾಯಿತು. ನೀವೇ ಹೇಳಿಬಿಡಿ ಎಂದು ಬೇಡಿದೆ. "ನಾನು ಹೇಳಿದ್ರೆ ಅವಳು ನನ್ನನ್ನ ಬೈದು ಸುಮ್ಮನಾಗ್ತಾಳೆ. ಬೈಗುಳ ನಿಂದು, ನೀನೇ ತಗೋ" ಎಂದರು. ಇವತ್ತು ಬೆಳಿಗ್ಗೆ ಮುಖ್ಯಸ್ಥೆಯ ಮುಂದೆಯೂ ಒಪ್ಪಿಕೊಂಡೆ. ಅವರು, "ಗೇಮಲ್ಲಿ ಇರೋದನ್ನ ಹೊರಗೆ ಹೇಳಬಾರದು ಅಂತ ನಿಯಮ ಇದೆ. ಇಲ್ಲದ್ದನ್ನ ಹೇಳಿದ್ರೆ ಏನು ಮಾಡಬೇಕು ಅಂತ ಯಾರೂ ಬರೆದಿಲ್ಲವಲ್ಲ" ಎಂದರು. ಮನೆಯಲ್ಲಿ ಹೇಳು, ಉಳಿದದ್ದನ್ನು ಬಿಡುಗಡೆಯ ನಂತರ ಮಾತಾಡೋಣ ಎಂದು ಕಳಿಸಿದರು. ಅದು ಏನಾಗುತ್ತದೋ ಆಗಲಿ. ಗುಂಪಿನಲ್ಲಿ ಯಾರಾದರೂ ಕೇಳಿದರೆ ನೀನು ನನ್ನನ್ನು ಮುಚ್ಚಿಡಬೇಡ. ನಮ್ಮ ಅತ್ತಿಗೆ ಸುಳ್ಳು ಹೇಳಿದಳು ಎಂದು ಬರೆ. ಬಾಯಿ ಬಿಡಲ್ಲ ಎಂಬ ನಿನ್ನ ಪಂತ ನನ್ನದು, ಸೋತವಳು ನಾನು. ನೀನು ಬಾಯಿ ಮುಚ್ಚಬೇಕಿಲ್ಲ.

ಕುದುರೆ ಬಂಡೆಗಳ ನಡುವೆ ಸಿಕ್ಕಿಕೊಳ್ಳುವುದಿಲ್ಲ ಗುಬ್ಬಿ. ಇದು ನಿಜ. ಕಂಡ ಕಂಡ ಬಂಡೆಗೆಲ್ಲ ನಾನೇ ನುಗ್ಗಿಸಿ ನೋಡಿದ್ದೇನೆ, ಪ್ರತಿ ಸಲವೂ ನಿನ್ನನ್ನೇ ನೆನೆಸಿಕೊಂಡು. ಮಳೆ ಬಂದರೆ ಬಟ್ಟೆಯೂ ಒದ್ದೆಯಾಗುತ್ತದೆ.

ಈ ಪತ್ರವನ್ನು ನಿನ್ನ ಕಂಟ್ರೋಲರಿನ ಕೆಳಗೆ ಇಟ್ಟು ನಾನು ಮಹಡಿಗೆ ಹೋಗುತ್ತೇನೆ, ಒಂದು ಬಕೆಟ್ ಬಟ್ಟೆಯಿದೆ. ಹಸಿರು ಕ್ಲಿಪ್ಪು ಇದರೊಳಗೇ ಇದೆ. ಓದಿದ ಮೇಲೆ ಮೇಲೆ ಬಾ. ನಾನು ಆ ಕಡೆ ತಿರುಗಿ ನಿಂತಿರುತ್ತೇನೆ. ನನ್ನನ್ನು ಇನ್ನೂ ಅತ್ತಿಗೆ ಎಂದು ಕರೆಯುತ್ತೀಯಾದರೆ ತಂತಿಗೆ ಸಿಕ್ಕಿಸು, ಇಲ್ಲವಾದರೆ ಬಕೆಟ್ಟಿಗೆ ಹಾಕು. ಒಂದೇ ಒಂದು ಬೇಡಿಕೆ. ನನಗೆ ಖುಷಿಯಾಗಲಿ ಎಂದು ಮಾತ್ರ ಸಿಕ್ಕಿಸಬೇಡ. ಅದು ಎಂಥ ಕೆಲಸ ಎಂದು ನಾನು ಮಾಡಿ ನೋಡಿದ್ದೇನೆ. ಬಕೆಟ್ಟಿಗೇ ಬಿದ್ದರೆ ನಾನು ಬಟ್ಟೆ ಒಣಹಾಕಿ ಇಳಿದು ಬರುತ್ತೇನೆ. ನಾಳೆಯೂ ಬಟ್ಟೆಯಿರುತ್ತದೆ, ನಾಡಿದ್ದೂ ಇರುತ್ತದೆ, ನಾನೂ ಇರುತ್ತೇನೆ. ಅವಸರವಿಲ್ಲ. ಎಲ್ಲಿಗೂ ಓಡಿ ಹೋಗುವವಳಲ್ಲ ನಾನು.

ನೀನು ಹೋದ ಊರಿನಲ್ಲೆಲ್ಲ ತಟ್ಟಿದ ಬಾಗಿಲು ತೆರೆಯಲಿ, ನಿನ್ನ ಕಾಲಿಗೆ ಎಂದೂ ದಣಿವಾಗದಿರಲಿ.

ಅತ್ತಿಗೆ ಎಂದು ಸಹಿ ಹಾಕಲು ಸದ್ಯಕ್ಕೆ ಧೈರ್ಯ ಸಾಲದ,
ನಿಮ್ಮಣ್ಣನ ಹೆಂಡತಿ