ಮೂವತ್ತೈದೇ ನನ್ನ ಗೆರೆ

ಹರದನಹಳ್ಳಿ
೨-೩-೨೦೨೬

ಪ್ರೀತಿಯ ಭವ್ಯಳಿಗೆ,

ಅಮ್ಮನ ಆಶೀರ್ವಾದಗಳು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ಹೇಗೂ ಮೂರು ಗಂಟೆ ಬರೆಯುವ ಅಭ್ಯಾಸ ನನ್ನ ಕೈಗೂ ಬೇಕು.

ಹೌದು, ನಲವತ್ನಾಲ್ಕನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿಗೆ ಕೂರುತ್ತಿದ್ದೇನೆ. "ಈಗ ಮೂವತ್ಮೂರಕ್ಕೆಲ್ಲ ಪಾಸ್ ಮಾಡ್ತಾರೆ, ಅಂಥ ಪಾಸಿಗೆ ಏನಮ್ಮ ಬೆಲೆ" ಎಂದೆಯಲ್ಲ, ಚುರ್ ಎಂದಿತು. ಮಗಳೇ, ಹುಡುಗಿಯಾಗಿದ್ದಾಗ ಇದೇ ಪರೀಕ್ಷೆ ಬರೆದೆನಲ್ಲ, ಅಂದು ಗಣಿತದಲ್ಲಿ ನನಗೆ ಬಂದದ್ದು ಮೂವತ್ನಾಲ್ಕು. ಒಂದೇ ಒಂದು ಅಂಕ ಕಡಿಮೆಯಾಯಿತೆಂದು ನಿನ್ನ ತಾತ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿದರು, ಆಷಾಢ ಕಳೆಯುತ್ತಲೇ ಮದುವೆ ಮಾಡಿದರು. ಆಗ ಯಾರೂ ಗೆರೆ ಇಳಿಸಲಿಲ್ಲ. ಈಗ ಇಳಿಸಿದ್ದಾರೆ, ಮಕ್ಕಳಿಗೆ ಒಳ್ಳೆಯದಾಗಲಿ. ನನಗೆ ಮಾತ್ರ ಆ ರಿಯಾಯಿತಿ ಬೇಡ. ಮೂವತ್ತೈದನ್ನೇ ದಾಟಿ ತೋರಿಸುತ್ತೇನೆ.

ತಪ್ಪು ನನ್ನದೂ ಇದೆ. ನಿನ್ನ ಮದುವೆಯ ಮಾತುಕತೆಯ ದಿನ ಕುದೇರಿನ ಬೀಗರ ಮುಂದೆ ನೀನು "ಅಮ್ಮ ಎಸ್ಸೆಸ್ಸೆಲ್ಸಿ ಪಾಸ್" ಎಂದೆ. ನಾನು ಕಾಫಿ ಲೋಟ ಎತ್ತುವ ನೆಪದಲ್ಲಿ ಒಳಗೆ ಹೋದೆ. ಆ ಸುಳ್ಳು ಬಯಲಾಗುತ್ತದೆಂದೇ ತಾನೇ ನಿನ್ನ ಭಯ? ಮೊನ್ನೆ ನಿನ್ನ ಅತ್ತೆ ದೊಡ್ಡಮಾದಮ್ಮನವರಿಗೆ ನಾನೇ ಹೇಳಿಬಿಟ್ಟೆ. "ಅಯ್ಯೋ, ನಾನು ಇಸ್ಕೂಲ್ ಮೆಟ್ಲೇ ಅತ್ತಿಲ್ಲ ಕಣವ್ವ, ಓಗಿ ಬರಿ ಬುಡು" ಎಂದು ನಕ್ಕರು.

ಗುಂಡ್ಲುಪೇಟೆಯಲ್ಲಾದರೂ ಬರೆ, ಅಲ್ಲಿ ನಮ್ಮ ಗುರುತಿನವರಿಲ್ಲ ಎಂದೆಯಲ್ಲ. ನಾನೇನು ಕಳ್ಳತನಕ್ಕೆ ಹೊರಟಿದ್ದೇನೆಯೇ? ನೀನು ಟೀಚರಾಗಿರುವ ಚಾಮರಾಜನಗರದಲ್ಲೇ ಬರೆಯುತ್ತೇನೆ.

ಇಲ್ಲಿ ನಮ್ಮೂರ ಶಾಲೆಯ ಅಡುಗೆ ಕೆಲಸದಲ್ಲೂ, ಬಿಸಿಯೂಟದ ಅನ್ನ ಬೇಯುವಷ್ಟರಲ್ಲಿ ಎರಡು ಲೆಕ್ಕ ಮುಗಿಸುತ್ತೇನೆ. ಒಮ್ಮೆ ಸಾರಿಗೆ ಉಪ್ಪು ಮರೆತು ಮಕ್ಕಳಿಂದ ಮಂಗಳಾರತಿಯೂ ಆಯಿತು. ಮನೆಯಲ್ಲಿ ನಿನ್ನ ಅಪ್ಪ "ಓದ್ಕ ಕಣಮ್ಮಿ, ಹಿಟ್ಟು ನಾನೇ ತೊಳಸ್ತೀನಿ" ಎನ್ನುತ್ತಾರೆ. ಮುದ್ದೆಯ ತುಂಬ ಗಂಟು. ಸುಮ್ಮನೆ ನುಂಗುತ್ತೇನೆ.

ನಿನ್ನ ಮೇಲೆ ಕೋಪವಿದೆ, ಪ್ರೀತಿ ಅದಕ್ಕಿಂತ ಹೆಚ್ಚಿದೆ. ಆದರೆ ಹಿಂದೆ ಸರಿಯುವವಳಲ್ಲ.

ಇಂತಿ,
ನಿನ್ನ ಹಟಮಾರಿ ಅಮ್ಮ
ಮರಿತಾಯಮ್ಮ

ಮರೆತ ಮಾತು: ಹಾಲ್ ಟಿಕೆಟ್ ಬಂದಿದೆ. ಕೇಂದ್ರ ನಿನ್ನದೇ ಶಾಲೆ. ಸಂಬಂಧಿಕರು ಪರೀಕ್ಷೆಗೆ ಕೂತಿದ್ದರೆ ಟೀಚರುಗಳು ಮೊದಲೇ ಬರೆದುಕೊಡಬೇಕಂತೆ, ನಮ್ಮ ಮೇಷ್ಟ್ರು ಹೇಳಿದರು. ಬರೆದುಕೊಡು. ಅವರು ನಿಮಗೆ ಏನಾಗಬೇಕು ಎಂದು ಕೇಳಿದ ಕಡೆ, ಎಲ್ಲರಿಗೂ ಕಾಣುವ ಹಾಗೆ, ತಾಯಿ ಎಂದು ಬರೆ.