ಎದ್ದು ನಿಂತದ್ದರ ಬಗ್ಗೆ

ಪ್ರಿಯ ರೊವೀನಾ ಅಕ್ಕ,

ನೀನು ಊರಿಗೆ ಮರಳಿದ ಕೂಡಲೇ ಸಿಗಲಿ ಎಂದು ಇದನ್ನು ನಿನ್ನ ಅಡುಗೆಮನೆ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದೇನೆ. ನಾಳೆ ಪತ್ರಿಕೆಯಲ್ಲಿ ಬರುವ ನನ್ನ ಅಂಕಣದ ವಿಷಯ ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ.

ಅಧ್ಯಕ್ಷರು ಸಂಸತ್ತಿನಲ್ಲಿ ಮಾಡುವ ವಾರ್ಷಿಕ ಭಾಷಣದ ಪ್ರತಿ ನಮ್ಮಂಥ ಪತ್ರಿಕೆಯವರಿಗೆ ಮಧ್ಯಾಹ್ನವೇ ಸಿಗುತ್ತದೆ. ಪ್ರತಿ ವರ್ಷದಂತೆ, ಕೇಳುವ ಮೊದಲೇ ಟೀಕೆ ಬರೆದು ಕಳಿಸಿದೆ. ಇಲ್ಲದ ಹಣವನ್ನು ಸರ್ಕಾರ ಊರೂರಿನ ಆಸ್ಪತ್ರೆಗೆ ಸುರಿಯಬಾರದು ಎಂದಿದ್ದೇನೆ. ಈಗಲೂ ಅದೇ ಹೇಳುತ್ತೇನೆ. ಆದರೆ 'ಖರ್ಚು ಮರೆಮಾಚಲು ಯಾರೋ ಒಬ್ಬ ರೋಗಿಯನ್ನು ಅತಿಥಿಗಳ ಗ್ಯಾಲರಿಯಲ್ಲಿ ಹೂದಾನಿಯಂತೆ ಕೂರಿಸುತ್ತಾರೆ' ಎಂದೂ ಬರೆದಿದ್ದೆ. ಭಾಷಣದ ಪ್ರತಿಯಲ್ಲಿ ಆ ರೋಗಿಯ ಹೆಸರಿರಲಿಲ್ಲ. ನೀನು ವಾಷಿಂಗ್ಟನ್‌ಗೆ ಯಾಕೆ ಹೊರಟೆ ಎಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ.

ಸಂಜೆ ನಮ್ಮ ಪಕ್ಷದವರೆಲ್ಲ ಚರ್ಚಿನ ಹಾಲ್‌ನಲ್ಲಿ ಟಿವಿ ಮುಂದೆ ಕೂತಿದ್ದೆವು. ಅಧ್ಯಕ್ಷರು ಮೇಲಿನ ಗ್ಯಾಲರಿಯತ್ತ ಕೈ ತೋರಿಸಿದರು. ಅಮ್ಮನ ನೀಲಿ ಕೋಟು ತೊಟ್ಟು ನೀನು ಎದ್ದು ನಿಂತೆ. ಸಭೆಯಲ್ಲಿ ಅವರ ಪಕ್ಷದವರು ಎದ್ದು ಚಪ್ಪಾಳೆ ತಟ್ಟಿದರು. ನಮ್ಮವರು ವಿರೋಧ ಪಕ್ಷದ ವಾಡಿಕೆಯಂತೆ ಅಲ್ಲಿಯೂ ಕೂತಿದ್ದರು, ಇಲ್ಲಿಯೂ ಕೂತಿದ್ದರು. ನಾನು ಎದ್ದೆ.

"ಏನಯ್ಯಾ ಎಲ್ಡನ್, ಪಾರ್ಟಿ ಬದಲಾಯಿಸ್ಬಿಟ್ಯಾ?" ಎಂದ ಹಿಂದೆ ಕೂತಿದ್ದ ಮರ್ಲ್.

"ಕಾಫಿ ತಗೊಳ್ಳೋಕೆ ಎದ್ದೆ ಕಣಯ್ಯಾ, ಸುಮ್ನಿರು."

ಹೂದಾನಿಯ ಸಾಲು ತೆಗೆಯಿರಿ ಎನ್ನಲು ಸಂಪಾದಕರಿಗೆ ಫೋನ್ ಮಾಡಿದೆ. ಆ ಪುಟ ಆಗಲೇ ಅಚ್ಚಾಗಿತ್ತು.

ಹೀಟರ್ ಹಚ್ಚಿದ್ದೇನೆ, ಫ್ರಿಜ್‌ನಲ್ಲಿ ಸೂಪ್ ಇದೆ, ಉಪ್ಪು ಹಾಕಿಲ್ಲ. ರಸ್ತೆಯಲ್ಲಿ ಹಿಮ ಗಟ್ಟಿಯಾಗಿದೆ. ಮಂಗಳವಾರ ಡಯಾಲಿಸಿಸ್‌ಗೆ ನೀನೇ ಕಾರು ಓಡಿಸಬೇಡ, ಏಳು ಗಂಟೆಗೆ ಬರುತ್ತೇನೆ. ದಾರಿಯಲ್ಲಿ ಬೈಯುವುದಿದ್ದರೆ ಬೈಯಬಹುದು.

ಇನ್ನೊಂದು ಮಾತು. ನಾನು ಎದ್ದಾಗ ಕೈಯಲ್ಲಿದ್ದ ಕಾಫಿ ಕಪ್ ತುಂಬಿಯೇ ಇತ್ತು.

ನಿನ್ನ ತಮ್ಮ,
ಎಲ್ಡನ್