ಆಶಕ್ಕನ ಬಲಗೈಗೆ ಬಣ್ಣ

ಜನವರಿ 4, ಭಾನುವಾರ

ಕೈ ಇಲ್ಲವೆಂದು ಆಶಕ್ಕನನ್ನು ಕೌಂಟರಿನಿಂದ ತೆಗೆದರು. ಕೈ ಬಂದ ಮೇಲೆ, ಆ ಕೈ ಚೆನ್ನಾಗಿಲ್ಲವೆಂದು ಮತ್ತೆ ಸೇರಿಸಿಕೊಳ್ಳಲಿಲ್ಲ. ಎರಡೂ ಅನ್ಯಾಯ. ಮೊದಲು ಇಷ್ಟು ಬರೆದಿಡುತ್ತೇನೆ.

ಪಕ್ಕದ ಮನೆಯವಳು. ಆರು ವರ್ಷ ಕುಶಾಲನಗರದ ಸ್ಪೈಸಸ್ ಅಂಗಡಿಯಲ್ಲಿ ನಿಂತು ಟೂರಿಸ್ಟ್‌ಗಳಿಗೆ ಮೆಣಸು, ಏಲಕ್ಕಿ, ಚಾಕೊಲೇಟ್ ಮಾರಿದವಳು. ಹಿಂದಿ, ತಮಿಳು, ಮಲಯಾಳ ಕಲಿತದ್ದೂ ಆ ಕೌಂಟರಿನ ಹಿಂದೆಯೇ. ವರ್ಷದ ಹಿಂದೆ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ಬಲಗೈ ಮಣಿಕಟ್ಟಿನಿಂದ ಹೋಯಿತು. ಅಂಗಡಿಯ ಯಜಮಾನಿ ಬೋಜಮ್ಮ ಆಗ ಹೇಳಿದ್ದು – ಹಿಂದೆ ಕೂತು ಪ್ಯಾಕಿಂಗ್ ಮಾಡು ಎಂದು. ಒಂದು ಕೈಯಲ್ಲಿ ಪ್ಯಾಕಿಂಗ್. ಕವರ್ ಹಿಡಿಯುವವರು ಯಾರು, ತುಂಬುವವರು ಯಾರು... ಬಿಟ್ಟು ಬಂದಳು. ಈಗ ದಿನಾ ಬೆಳಿಗ್ಗೆ ಆರೂವರೆಗೆ ಜೀಪು ಹತ್ತಿ ಅಮ್ಮತ್ತಿ ಕಡೆಯ ಎಸ್ಟೇಟಿಗೆ ಕಾಫಿ ಪಿಕ್ಕಿಂಗಿಗೆ ಹೋಗುತ್ತಾಳೆ. ಎಡಗೈಯಲ್ಲೇ.

ಡಿಸೆಂಬರಿನಲ್ಲಿ ಒಂದು ಶಿಬಿರದಲ್ಲಿ ಕೃತಕ ಕೈ ಕೊಟ್ಟರು. ಪುಕ್ಕಟೆ. ಇಪ್ಪತ್ತು ಜನರಿಗೆ ಇಪ್ಪತ್ತು ಕೈ, ಎಲ್ಲವೂ ಒಂದೇ ಬಣ್ಣ – ಗಾಯಕ್ಕೆ ಅಂಟಿಸುವ ಪಟ್ಟಿಯ ಬಣ್ಣ. ಈ ಜಿಲ್ಲೆಯಲ್ಲಿ ಆ ಬಣ್ಣದ ಮನುಷ್ಯರು ಯಾರಿದ್ದಾರೆ? ಅದನ್ನು ಹಾಕಿಕೊಂಡು ಹೋದರೆ ಬೋಜಮ್ಮ, ಗಿರಾಕಿಗಳು ಮೆಣಸು ನೋಡುವುದಿಲ್ಲ, ಇದನ್ನೇ ನೋಡುತ್ತಾರೆ ಅಂದರಂತೆ. ಕೈ ಕೈಯ ಹಾಗೆ ಕಂಡರೆ ಬಾ, ಮಾರ್ಚ್ ಕೊನೆಯವರೆಗೆ ಕಾಯುತ್ತೇನೆ, ಬೇಸಿಗೆ ರಜೆಯ ಗಲಾಟೆಗೆ ಮೊದಲು ಯಾರನ್ನಾದರೂ ತೆಗೆದುಕೊಳ್ಳಲೇಬೇಕು. ಇದು ಅವರ ಷರತ್ತು.

ಇವತ್ತು ಆಶಕ್ಕ ಬಂದು ಕೈ ಬಿಚ್ಚಿ ನನ್ನ ಮುಂದಿಟ್ಟಳು. "ಪ್ರಿಂಟಿಂಗ್ ಅಂಗಡೀಲಿ ಇರೋಳಲ್ವೇನೇ ತೇಜು. ಇದಕ್ಕೊಂದು ಬಣ್ಣ ಹಾಕ್ಕೊಡು."

ಹಾಕುವುದಿಲ್ಲ ಅಂದೆ. ಮರೆಮಾಚುವುದು ಸೋಲು. ಅಂಗವಿಕಲತೆ ನಾಚಿಕೆಪಡುವ ವಿಷಯವಲ್ಲ ಎಂದು ನಮ್ಮ ಅಂಗಡಿಯಲ್ಲೇ ಸಾವಿರ ಪ್ರತಿ ಹೊಡೆದ ಕರಪತ್ರದಲ್ಲಿದೆ. ತಂದು ಓದಿದೆ. ಎರಡೂ ಪುಟ.

ಪೂರ್ತಿ ಕೇಳಿದಳು. ಆಮೇಲೆ – "ನಿಂಗೆ ಎರಡು ಕೈ ಇದೆ. ಅದಕ್ಕೇ ಇಷ್ಟು ಸಲೀಸಾಗಿ ಹೆಮ್ಮೆ ಪಡ್ತೀಯ."

ಕರಪತ್ರ ಮಡಚಿಟ್ಟೆ. ಕೈ ನನ್ನ ಮೇಜಿನ ಮೇಲಿದೆ.

ಜನವರಿ 6, ಮಂಗಳವಾರ, ಬೆಳಿಗ್ಗೆ 11

ಅಂಗಡಿಯಲ್ಲಿ ಕೆಲಸ ಕಡಿಮೆ. ಕೈಯ ಜೊತೆ ಕೊಟ್ಟ ಚೀಟಿ ಓದಿದೆ. ಯಾರೂ ಓದುವುದಿಲ್ಲವೆಂದು ಗೊತ್ತಿದ್ದೇ ಅಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ನಾಲ್ಕನೆಯ ಸೂಚನೆ: ಕೈಯ ಹೊರಗಿನ ಗ್ಲೌಸ್ ಪಿವಿಸಿ ಪ್ಲಾಸ್ಟಿಕ್. ಅರಿಶಿನ, ಬಾಲ್‌ಪೆನ್ನಿನ ಇಂಕು, ಮುದ್ರಿತ ಕಾಗದ ತಾಗಿಸಬೇಡಿ, ಕಲೆ ಹೋಗುವುದಿಲ್ಲ.

ಎರಡು ಸಲ ಓದಿದೆ. ಕಲೆ ಹೋಗುವುದಿಲ್ಲವೆಂದರೆ ಬಣ್ಣ ನಿಲ್ಲುತ್ತದೆ. ಅವರು ಎಚ್ಚರಿಕೆಯೆಂದು ಬರೆದದ್ದು ನನಗೆ ದಾರಿ.

ಹಾಕಿಕೊಡುತ್ತೇನೆ. ತತ್ವ ಬಿಟ್ಟಿದ್ದೇನೆ ಎಂದಲ್ಲ. ಇಪ್ಪತ್ತು ಜನರಿಗೆ ಒಂದೇ ಬಣ್ಣ ಬಳಿದದ್ದನ್ನು ತಿದ್ದುವುದೂ ಒಂದು ಹೋರಾಟವೇ.

ಇದನ್ನು ನಮ್ಮ ಓನರ್ ಸಣ್ಣಸ್ವಾಮಣ್ಣನಿಗೆ ಹೇಳಿದೆ. ಬೈಕಿನ ಸ್ಟಿಕ್ಕರ್ ಹೊಡೆಯುವ ಇಂಕೂ ಪಿವಿಸಿಯದ್ದೇ, ಅದೇ ಸರಿ ಅಂದರು. ತಳದಲ್ಲಿ ಉಳಿದ ನಾಲ್ಕು ಡಬ್ಬ ತೆಗೆದುಕೊಳ್ಳಲು ಒಪ್ಪಿದರು – ಕಂದು, ಹಳದಿ, ಕೆಂಪು, ನೀಲಿ. ರೆಡ್ಯೂಸರ್ ಹಾಕಿ ನೀರಿನಷ್ಟು ತೆಳ್ಳಗೆ ಮಾಡಬೇಕಂತೆ. ಬ್ರಷ್ ಬೇಡ, ಸ್ಪಂಜಿನಲ್ಲಿ ತಟ್ಟಬೇಕು. ಕೊನೆಗೆ, "ಹೋರಾಟ ಆಮೇಲೆ ಮಾಡುವಂತೆ, ಮೊದ್ಲು ಆ ಡಬ್ಬದ ಮುಚ್ಚಳ ಹಾಕವ್ವ, ಒಣಗೋಯ್ತದೆ."

ಜನವರಿ 11, ಭಾನುವಾರ

ಅವಳ ಮನೆ ಜಗಲಿ. ಬಿಸಿಲು ಚೆನ್ನಾಗಿತ್ತು. ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಬಾರದು, ಅದು ಸುಳ್ಳು ಹೇಳುತ್ತದೆ – ಇದು ಅಂಗಡಿಯಲ್ಲಿ ಕಲಿತದ್ದು.

ಎಡಗೈಯನ್ನು ಮಣೆಯ ಮೇಲೆ ಚಾಚಿ ಕೂತಳು. ಎರಡು ತಿಂಗಳ ಬಿಸಿಲು ಮತ್ತು ಕಾಫಿ ಹಣ್ಣಿನ ಅಂಟು ಕುಡಿದ ಕೈ. ಗೆಣ್ಣುಗಳಲ್ಲಿ ಕಪ್ಪು, ಉಗುರಿನ ಸುತ್ತ ಕಪ್ಪು. ಸ್ವಲ್ಪ ತಿಳಿ ಮಾಡೇ ಅಂದಳು. ಒಪ್ಪಲಿಲ್ಲ. ಇದು ದುಡಿಯುವ ಕೈಯ ಬಣ್ಣ, ಇದ್ದದ್ದನ್ನು ಇದ್ದ ಹಾಗೇ ಹಾಕುತ್ತೇನೆ, ಬೆಳ್ಳಗೆ ಮಾಡುವವಳು ನಾನಲ್ಲ.

ಮೊದಲ ಕೋಟು: ಕಂದಿಗೆ ಚೂರು ಹಳದಿ. ಹೂಕೋಸಿನ ಹಾಗೆ ಹರಿದ ಸ್ಪಂಜಿನ ತುಂಡಿನಲ್ಲಿ ತಟ್ಟಿದೆ. ಒಂದೇ ಬಣ್ಣವಾಗಿ ಬಳಿದರೆ ಬಾಗಿಲಿಗೆ ಪೇಂಟ್ ಹೊಡೆದ ಹಾಗೆ ಕಾಣುತ್ತದೆ. ತಟ್ಟಿದರೆ ಚರ್ಮದ ಹಾಗೆ ಮಚ್ಚೆ ಮಚ್ಚೆ ಬರುತ್ತದೆ.

ಒಂದು ತಪ್ಪು. ಹೆಬ್ಬೆರಳಿನ ಉಗುರಿಗೆ ಇಂಕು ಹತ್ತಿತೆಂದು ನೇಲ್ ಪಾಲಿಶ್ ರಿಮೂವರ್ ಹಾಕಿ ಒರೆಸಿದೆ. ಇಂಕಿನ ಜೊತೆ ಉಗುರೂ ಕರಗಿತು. ಬೆಲ್ಲದ ಪಾಕದ ಹಾಗೆ ಅಂಟಂಟು. ನನಗೆ ಅಳು ಬರುವಂತಾಯಿತು. ಆಶಕ್ಕ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ, ಮೊದಲ ಸಲ ಹೋದಾಗ ನೋವಾಗಿತ್ತು, ಈ ಸಲ ಆಗಲಿಲ್ಲ ಅಂದಳು. ನಗುತ್ತಿದ್ದಳು.

ಜನವರಿ 18, ಭಾನುವಾರ

ಫ್ಯಾನ್ಸಿ ಸ್ಟೋರಿನಿಂದ ಅಂಟಿಸುವ ಉಗುರು ತಂದೆ. ಹೆಬ್ಬೆರಳಿಗೆ ಒಂದು ಸಾಕು, ಪ್ಯಾಕೆಟ್ಟಿನಲ್ಲಿ ಹತ್ತು. ಕತ್ತರಿಸಿ, ಉಜ್ಜಿ, ಕೂರಿಸಿದೆ. ಈಗ ಅದೇ ಎಲ್ಲಕ್ಕಿಂತ ಚೆನ್ನಾಗಿದೆ.

ನರಗಳು: ಗ್ಲೌಸನ್ನು ಅರ್ಧ ಕಳಚಿ ಒಳಗಿನ ಕೈಯ ಮೇಲೆ ಹೊಲಿಗೆ ದಾರ ಅಂಟಿಸಿದೆ. ಗ್ಲೌಸ್ ಎಳೆದಾಗ ಮುಂಗೈಯಲ್ಲಿ ಸಣ್ಣಗೆ ಉಬ್ಬಿತು. ಮೇಲೆ ನೀಲಿ, ಇದೆಯೋ ಇಲ್ಲವೋ ಅನ್ನುವಷ್ಟು. ಗೆಣ್ಣಿಗೆ ಕೆಂಪು. ಅಂಗೈ ತಿಳಿ. ಹೊಳಪು ಹೋಗಲು ಟಾಲ್ಕಂ ಪೌಡರ್. ಮಾಡಿದ ಹಾಗೆಲ್ಲ ನನ್ನ ಕೈಯನ್ನೂ ನೋಡಿಕೊಳ್ಳುತ್ತೇನೆ. ಇಷ್ಟು ಬಣ್ಣ ಇದೆಯೆಂದು ಗೊತ್ತಿರಲಿಲ್ಲ.

ಮಧ್ಯೆ ಒಂದು ಮಾತು. ಎಡಗೈಯನ್ನು ಕನ್ನಡಿಯಲ್ಲಿ ನೋಡಿಕೊಂಡು ಬಲಗೈ ಮಾಡುತ್ತಿದ್ದೆ. ಆಶಕ್ಕ ತಡೆದಳು. "ನನ್ ಬಲಗೈ ಹಿಂಗಿರ್ಲಿಲ್ಲ ಕಣೇ. ಇಲ್ಲೊಂದು ಸುಟ್ಟ ಗುರ್ತಿತ್ತು. ದೋಸೆ ಕಾವಲಿದು."

ಫೋಟೋ ಹುಡುಕಿದೆವು. ಫೋನಿನಲ್ಲಿ ನಾನೂರು ಚಿತ್ರ. ಮಗಳ ಹುಟ್ಟುಹಬ್ಬ, ಮದುವೆಗಳು, ಅಂಗಡಿಯ ಮುಂದೆ ಗಿರಾಕಿಗಳ ಜೊತೆ. ಬಲಗೈ ಎಲ್ಲದರಲ್ಲೂ ಏನೋ ಮಾಡುತ್ತಿದೆ – ತಟ್ಟೆಯ ಹಿಂದೆ, ಮಗುವಿನ ಬೆನ್ನ ಹಿಂದೆ, ಫೋನ್ ಹಿಡಿದು ಫ್ರೇಮಿನ ಆಚೆ. ಒಂದರಲ್ಲೂ ಪೂರ್ತಿ ಇಲ್ಲ.

ಕೊನೆಗೆ ಅವಳೇ ಎಡಗೈ ಬೆರಳಿಟ್ಟು ಜಾಗ ತೋರಿಸಿದಳು. ತೋರುಬೆರಳಿನ ಬುಡದಿಂದ ಒಂದಂಗುಲ ಕೆಳಗೆ. ಅಕ್ಕಿಕಾಳಿನಷ್ಟು. ಹಾಕಿದೆ.

ಜನವರಿ 25, ಭಾನುವಾರ

ಮುಗಿಯಿತು.

ಆಶಕ್ಕನ ಅತ್ತೆ ರಾಮಮ್ಮಜ್ಜಿ ಮೊದಲಿನಿಂದಲೂ, ಹೆಂಗಸರಿಬ್ಬರು ಸೇರಿ ಬೊಂಬೆಯಾಟ ಆಡುತ್ತಿದ್ದಾರೆ ಎಂದೇ ಹೇಳುತ್ತಿದ್ದರು. ಇವತ್ತು ಜಗಲಿಗೆ ಮಜ್ಜಿಗೆ ತಂದವರು ಲೋಟವನ್ನು ನೇರ ಆ ಕೈಗೆ ಕೊಟ್ಟರು. ಬಿಟ್ಟೂ ಬಿಟ್ಟರು. ಮಜ್ಜಿಗೆ ಜಗಲಿಯಿಂದ ಅಂಗಳಕ್ಕೆ.

"ಹಿಡ್ಕೊಳಕ್ಕೆ ಏನಾಗಿತ್ತು ನಿಂಗೆ?"

ಅಜ್ಜಿ ಬೈಯುತ್ತಲೇ ಇದ್ದರು. ಆಶಕ್ಕ ನೆಲ ಒರೆಸಲೂ ಏಳಲಿಲ್ಲ, ಆ ಬೈಗಳನ್ನು ಕೂತು ಕೇಳಿದಳು. ವರ್ಷದಿಂದ ಅವಳಿಗೆ ಯಾರೂ ಹಾಗೆ ಬೈದಿರಲಿಲ್ಲ.

ಪಿಕ್ಕಿಂಗ್ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಆಮೇಲೆ ಬೋಜಮ್ಮನ ಹತ್ತಿರ. ಅಲ್ಲಿವರೆಗೆ ಕೈಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡುವುದೆಂದು ತೀರ್ಮಾನ. ತೋಟದಲ್ಲಿ ಹಾಳಾಗಬಾರದು.

ಫೆಬ್ರವರಿ 19, ಗುರುವಾರ

ಲಗ್ನಪತ್ರಿಕೆ, ಲಗ್ನಪತ್ರಿಕೆ, ಲಗ್ನಪತ್ರಿಕೆ. ಒಂದು ಕರಪತ್ರವೂ ಬಂದಿಲ್ಲ. ಓದಲು ಏನೂ ಇಲ್ಲದೆ ಎಂಟು ಮದುವೆಗಳ ಬಂಧುಮಿತ್ರರ ಹೆಸರು ಓದಿದ್ದೇನೆ. ಆಶಕ್ಕನನ್ನು ನೋಡಿ ಮೂರು ವಾರ. ಜೀಪಿನ ಸದ್ದು ಮಾತ್ರ ಕೇಳುತ್ತದೆ.

ಮಾರ್ಚ್ 9, ಸೋಮವಾರ, ಸಂಜೆ 5

ಕೆಟ್ಟಿತು. ತಪ್ಪು ನನ್ನದು.

ಪಿಕ್ಕಿಂಗ್ ಮುಗಿದು ಹತ್ತು ದಿನವಾಯಿತು. ಇವತ್ತು ಆಶಕ್ಕ ಸೀರೆ ಉಟ್ಟು, ಬೀರುವಿನಿಂದ ಕೈ ತೆಗೆದು ಹಾಕಿಕೊಂಡು, ನನಗೂ ಹೇಳದೆ ಅಂಗಡಿಗೆ ಹೋಗಿದ್ದಾಳೆ. ಬೋಜಮ್ಮ ಬೈಯಲಿಲ್ಲವಂತೆ. ಎರಡು ಕೈಯನ್ನೂ ಕೌಂಟರಿನ ಗಾಜಿನ ಮೇಲೆ ಇಡಿಸಿ ನೋಡಿದರಂತೆ. ಆಮೇಲೆ –

"ಎಂತ ಆಶಾ, ಒಂದು ಕೈ ಮಾತ್ರ ಎಸ್ಟೇಟಿಗೆ ಹೋಗಿತ್ತಾ?"

ಅಲ್ಲಿದ್ದವರೆಲ್ಲ ನಕ್ಕರು. ಆಶಕ್ಕ ನೇರ ನಮ್ಮ ಅಂಗಡಿಗೆ ಬಂದು ಎರಡೂ ಕೈ ಮುಂದೆ ಹಿಡಿದಳು. ನಿಜ. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಎಡಗೈಯ ಕರೆ ಹೋಗಿದೆ. ನೆರಳಿನಲ್ಲಿದ್ದು ಬಿಸಿಲಿನ ಕಪ್ಪೂ ಇಳಿದಿದೆ. ಗೋಧಿಯ ಬಣ್ಣ. ಬಲಗೈ ಇನ್ನೂ ಜನವರಿಯಲ್ಲೇ ಇದೆ. ಉಗುರಿನ ಸುತ್ತ ನಾನು ಅಷ್ಟು ಶ್ರದ್ಧೆಯಿಂದ ಹಾಕಿದ ಕರೆಯ ಸಮೇತ.

ತಿಳಿ ಮಾಡು ಎಂದು ಅವಳು ಅವತ್ತೇ ಹೇಳಿದ್ದಳು. ಅವಳ ಕೈ ಅವಳಿಗೆ ಗೊತ್ತಿತ್ತು. ನಾನು ಭಾಷಣ ಮಾಡಿದೆ.

ಸಣ್ಣಸ್ವಾಮಣ್ಣ ಬಿಳಿ ಇಂಕಿನ ಹೊಸ ಡಬ್ಬ ತೆಗೆದು ನನ್ನ ಮೇಜಿನ ಮೇಲಿಟ್ಟು ಟೀಗೆ ಹೋದರು.

ಮಾರ್ಚ್ 15, ಭಾನುವಾರ

ಬಣ್ಣ ಮುಟ್ಟಲಿಲ್ಲ. ದೂರು ಬರೆದೆ. ಅಂಗವಿಕಲರ ಹಕ್ಕುಗಳ ಕಾಯಿದೆಯ ಕರಪತ್ರ ಮುಂದಿಟ್ಟುಕೊಂಡು ಒಂದೂವರೆ ಪುಟ. ಕೆಲಸ ಬರುತ್ತದೋ ಇಲ್ಲವೋ ಎಂದು ನೋಡದೆ ಕೈ ಹೇಗೆ ಕಾಣುತ್ತದೆ ಎಂದು ನೋಡಿದ್ದು ತಪ್ಪು. ಮಡಿಕೇರಿಯ ಅಂಗವಿಕಲರ ಇಲಾಖೆಯ ಕಚೇರಿಗೆ ಒಂದು ಪ್ರತಿ, ಬೋಜಮ್ಮನಿಗೆ ಒಂದು. ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿಗೆ ಒಯ್ದೆ.

ಆಶಕ್ಕ ಓದಿದಳು. ತಪ್ಪಿಲ್ಲ ಅಂದಳು. ಸಹಿ ಹಾಕಲಿಲ್ಲ.

ಯಾಕೆ ಎಂದು ಕೇಳಿದೆ. ಜೋರಾಗಿಯೇ ಕೇಳಿದೆ. ಕಾಗದ ಮೊದಲು ಹೋದರೆ ಬೋಜಮ್ಮ ಹೆದರಿ ಸೇರಿಸಿಕೊಳ್ಳಬಹುದು, ಆದರೆ ದಿನಾ ಹತ್ತು ಗಂಟೆ ಆ ಮುಖದ ಪಕ್ಕ ನಿಲ್ಲಬೇಕಾದವಳು ತಾನು, ನಾನಲ್ಲ – ಇದು ಅವಳ ಮಾತಿನ ಸಾರ. ಮತ್ತೆ ಇನ್ನೊಂದು. ಆ ಕೌಂಟರಿನಲ್ಲಿ ಆರು ವರ್ಷ ತನ್ನ ಕೈ ನೋಡಿ ಯಾರೂ ಏನೂ ಅಂದಿರಲಿಲ್ಲ. ಹಾಗೆ ಒಂದು ದಿನ ನಿಲ್ಲಬೇಕು.

"ಹೋರಾಟದ್ ಕೈ ಬೇಡ, ದುಡಿಯೋ ಕೈ ಬೇಡ. ಸುಮ್ನೆ ಒಂದ್ ಕೈ ಮಾಡ್ಕೊಡೇ."

ಮನೆಗೆ ಬಂದೆ. ಕಾಗದ ಫೈಲಿನಲ್ಲಿದೆ. ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ...

ಮಾರ್ಚ್ 20, ಶುಕ್ರವಾರ

ನಿನ್ನೆ ಯುಗಾದಿ, ರಜೆ. ಸ್ಟಿಕ್ಕರಿನ ಚೂರುಗಳ ಮೇಲೆ ಹದಿನಾಲ್ಕು ಮಿಶ್ರಣ ತಟ್ಟಿ ಒಣಗಿಸಿದೆ. ಬರೀ ಬಿಳಿ ಸೇರಿಸಿದರೆ ಬೂದಿ ಬಣ್ಣ, ಹೆಣದ ಹಾಗೆ. ಬಿಳಿಯ ಜೊತೆ ಹಳದಿ, ಹಳದಿಯಷ್ಟೇ ಕೆಂಪು. ಒಣಗಿದ ಮೇಲೆ ಇನ್ನೂ ಸ್ವಲ್ಪ ಗಾಢವಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚೂರುಗಳಿಗೆ ನಂಬರ್ ಹಾಕಿ ಆಶಕ್ಕನ ಎಡಗೈ ಮೇಲೆ ಒಂದೊಂದೇ ಇಟ್ಟೆವು. ಸೋಪು ಹಾಕಿ ತೊಳೆಸಿ, ಒರೆಸಿ, ಬಿಸಿಲಿನಲ್ಲಿ. ಆರಿಸಿದ್ದು ಅವಳು. ಹನ್ನೊಂದನೆಯದು. ನಾನಾಗಿದ್ದರೆ ಒಂಬತ್ತು ಅನ್ನುತ್ತಿದ್ದೆ. ಅನ್ನಲಿಲ್ಲ.

ಮುಂದಿನ ಪಿಕ್ಕಿಂಗಿಗೆ ಹೋದರೆ ಎಡಗೈ ಮತ್ತೆ ಕಪ್ಪಾಗುತ್ತದಲ್ಲ ಅಂದೆ. ಹೋಗದೇ ಇರಲಿ ಅಂತ ತಾನೇ ಇಷ್ಟೆಲ್ಲ ಅಂದಳು.

ಮಾರ್ಚ್ 22, ಭಾನುವಾರ

ಬೆಳಿಗ್ಗೆಯಿಂದ ಜಗಲಿ. ಮೂರು ತೆಳು ಕೋಟು. ಉಗುರಿನ ಸುತ್ತಲಿನ ಕರೆ ಮುಚ್ಚಲು ನಾಲ್ಕು. ಹಾಕಿದ್ದ ನೀಲಿ ಕೆಳಗೆ ಹೋಗಿ ಈಗ ನಿಜವಾಗಿಯೂ ಚರ್ಮದ ಒಳಗಿದ್ದ ಹಾಗೆ ಕಾಣುತ್ತದೆ. ಇದು ನನ್ನ ಜಾಣತನವಲ್ಲ, ತಪ್ಪಿನಿಂದ ಬಂದದ್ದು. ಸುಟ್ಟ ಗುರುತನ್ನು ಮತ್ತೆ ಹಾಕಿದೆ. ಕೇಳದೆಯೇ.

ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ತುಂಬ ಹೊತ್ತು ಕೂತಳು. ಆಮೇಲೆ, ಆ ಕಾಗದ ತಂದಿದ್ದೀಯಾ ಎಂದು ಕೇಳಿದಳು.

ತಂದಿದ್ದೆ. ಫೈಲಿನಲ್ಲಿ ಯಾವಾಗಲೂ ಇರುತ್ತದೆ.

"ಮೊದ್ಲು ಕೈ ತೋರಿಸ್ತೀನಿ. ಆಗಲ್ಲ ಅಂದ್ರೆ ಕಾಗದ. ನೀನು ಮೊದ್ಲೇ ತೆಗೆದ್ಯೋ, ನಾನು ಎದ್ದು ಬಂದ್ಬಿಡ್ತೀನಿ. ಗೊತ್ತಾಯ್ತಾ?"

ಗೊತ್ತಾಯಿತು ಅಂದೆ.

ಗಾಳಿಗೆ ಕಾಗದ ಹಾರುತ್ತಿತ್ತು. ಹಿಡಿಯಲು ನಾನು ಕೈ ಚಾಚುವ ಮೊದಲೇ ಬಲಗೈ ಎತ್ತಿ ಅದರ ಮೇಲಿಟ್ಟಳು. ಎಡಗೈಯಲ್ಲಿ ಸಹಿ. ವರ್ಷದಿಂದ ಕಲಿಯುತ್ತಿದ್ದಾಳೆ, ಸಣ್ಣ ಮಕ್ಕಳ ಅಕ್ಷರ, ಆದರೆ ಸಾಲು ಬಿಟ್ಟು ಹೋಗಲಿಲ್ಲ. ರಾಮಮ್ಮಜ್ಜಿ ಕಾಫಿ ತಂದರು – ಈ ಸಲ ಯಾವ ಕೈ ಎಂದು ಕೇಳಿ ಎಡಗೈಗೇ ಕೊಟ್ಟರು. ಕುಡಿದು, ಬಿಸಿಲಿನಲ್ಲಿ ಮಾತಾಡುತ್ತ ಕೂತೆವು. ಬಲಗೈ ಕಾಗದದ ಮೇಲೇ ಇತ್ತು. ಇಬ್ಬರಿಗೂ ನೆನಪಾಗಲಿಲ್ಲ.

ಎತ್ತಿದಾಗ ಕಾಗದ ಚರ್‌ ಎಂದು ಬಿಟ್ಟುಕೊಂಡಿತು. ನಾಲ್ಕನೆಯ ಸೂಚನೆ. ಮುದ್ರಿತ ಕಾಗದ ತಾಗಿಸಬೇಡಿ. ಅಂಗೈ ತುಂಬ ನನ್ನ ಅಕ್ಷರಗಳು, ಉಲ್ಟಾ. ಒಂದನ್ನು ಮಾತ್ರ ಓದಲಾಯಿತು – ಮಾನ್ಯರೇ.

ಇಂಕು ತರಲು ಎದ್ದೆ. ಆಶಕ್ಕ ನನ್ನ ಸೆರಗು ಹಿಡಿದು ಕೂರಿಸಿದಳು. ಗಾಜಿನ ಮೇಲೆ ಕೈ ಇಟ್ಟರೆ ಅಂಗೈ ಕೆಳಗೆ ತಾನೇ ಇರುತ್ತದೆ, ಯಾರಿಗೆ ಕಾಣಬೇಕು ಅಂದಳು. ಇರಲಿ ಬಿಡು ಅಂದಳು.

ಇನ್ನೊಂದು ಪ್ರಿಂಟ್ ತೆಗೆಯಬೇಕು. ಸಹಿ ಮತ್ತೆ ಹಾಕಿಸಬೇಕು. ಬೋಜಮ್ಮನಿಗೆ ಫೋನ್ ಮಾಡಿದ್ದಾಯಿತು, ಬನ್ನಿ ಅಂದಿದ್ದಾರೆ, ದನಿಯಲ್ಲಿ ಏನೂ ತಿಳಿಯಲಿಲ್ಲ. ಆಶಕ್ಕ ಮುಂದೆ, ನಾನು ಬಾಗಿಲ ಹೊರಗೆ, ಕಾಗದ ಬ್ಯಾಗಿನೊಳಗೆ.

ಬುಧವಾರ, ಇಪ್ಪತ್ತೈದು. ಬೆಳಿಗ್ಗೆ ಹತ್ತು ಗಂಟೆ. ಬೋಜಮ್ಮನ ಅಂಗಡಿ ಮುಂದೆ ಇರಬೇಕು.